ಮುಖದ ನೋವು, ನೆತ್ತರಿನ ದಾರಿ: ಒಂದು ಶಸ್ತ್ರಚಿಕಿತ್ಸೆಯ ಇತಿಹಾಸ

ಯಳಂದೂರು ತಾಲ್ಲೂಕಿನ ಹೊನ್ನೂರಿನಂಥ ಒಂದು ಊರನ್ನು ಕಣ್ಣ ಮುಂದೆ ತಂದುಕೊಳ್ಳೋಣ. ಒಂದು ಕಡೆ ಬಿಳಿಗಿರಿರಂಗನ ಬೆಟ್ಟದ ಸಾಲು, ಇನ್ನೊಂದು ಕಡೆ ರೇಷ್ಮೆಗೆ ಹೆಸರಾದ ಕೊಳ್ಳೇಗಾಲ. ಆ ಊರಿನಲ್ಲಿ ಅರವತ್ತು ದಾಟಿದ ಒಬ್ಬ ರೈತನಿದ್ದಾನೆಂದು ಊಹಿಸಿಕೊಳ್ಳಿ. ಬೆಳಿಗ್ಗೆ ಎದ್ದು ಮುಖಕ್ಕೆ ತಣ್ಣೀರು ಎರಚಿಕೊಂಡ ಕೂಡಲೇ ಅವನ ಬಲಗೆನ್ನೆಯಲ್ಲಿ ಮಿಂಚು ಹೊಡೆದಂತೆ ನೋವು. ಕೆಲವೇ ಕ್ಷಣ, ಆಮೇಲೆ ಏನೂ ಇಲ್ಲ. ಮುದ್ದೆಯ ತುತ್ತಿಗೆ ಬಾಯಿ ತೆರೆದರೆ ಮತ್ತೆ ಅದೇ ಮಿಂಚು. ಗಾಳಿ ಬೀಸಿದರೂ ನೋವು, ಮಾತನಾಡಿದರೂ ನೋವು. ಹಲ್ಲು ನೋವಿರಬೇಕೆಂದು ಒಂದು ಹಲ್ಲು ಕೀಳಿಸುತ್ತಾನೆ. ಹಲ್ಲು ಹೋಗುತ್ತದೆ, ನೋವು ಉಳಿಯುತ್ತದೆ. ಇನ್ನೊಂದು ಹಲ್ಲು ಕೀಳಿಸುತ್ತಾನೆ. ಕೊನೆಗೆ ಊಟ ಬಿಟ್ಟು, ಮಾತು ಬಿಟ್ಟು, ಮುಖಕ್ಕೆ ಟವೆಲು ಸುತ್ತಿಕೊಂಡು ಮೂಲೆಯಲ್ಲಿ ಕೂರುತ್ತಾನೆ.

ಈ ರೈತ ಕಲ್ಪನೆಯವನು; ಆದರೆ ಅವನ ಕಾಯಿಲೆ ಕಲ್ಪನೆಯದಲ್ಲ. ಮನುಷ್ಯನಿಗೆ ಬರುವ ಅತಿ ತೀವ್ರವಾದ ನೋವುಗಳಲ್ಲಿ ಒಂದೆಂದು ವೈದ್ಯರು ಹೇಳುವ ಮುಖದ ನರಶೂಲೆ ಇದು. ವೈದ್ಯಕೀಯ ಭಾಷೆಯಲ್ಲಿ ಇದಕ್ಕೆ ಟ್ರೈಜೆಮಿನಲ್ ನ್ಯೂರಾಲ್ಜಿಯ ಎಂದು ಹೆಸರು. ಇದನ್ನು ಶಸ್ತ್ರಚಿಕಿತ್ಸೆಯಿಂದ ಗುಣಪಡಿಸುವ ಯತ್ನಕ್ಕೆ ದೀರ್ಘವಾದ ಇತಿಹಾಸವಿದೆ. ಆ ಇತಿಹಾಸವನ್ನು ಓದಿದವರಿಗೆ ಒಂದು ಸಂಗತಿ ಎದ್ದು ಕಾಣುತ್ತದೆ. ನೋವು ಇರುವುದು ನರದಲ್ಲಿ. ಆದರೆ ಶಸ್ತ್ರವೈದ್ಯರಿಗೆ ಹೆಜ್ಜೆಹೆಜ್ಜೆಗೂ ಎದುರಾದದ್ದು ರಕ್ತನಾಳ. ಮೊದಲು ಅದು ದಾರಿಗೆ ಅಡ್ಡವಾಗಿ ನಿಂತಿತು. ಆಮೇಲೆ ನೋವಿನ ಕಾರಣವೇ ಅದು ಎಂದು ತಿಳಿಯಿತು. ಕೊನೆಗೆ, ಚಿಕಿತ್ಸೆ ಎಷ್ಟು ಸುರಕ್ಷಿತ ಎಂಬುದನ್ನು ಅಳೆಯುವ ಅಳತೆಗೋಲೂ ಅದೇ ಆಯಿತು.

ಮೂರು ಕವಲಿನ ನರ

ನಮ್ಮ ಮೆದುಳಿನಿಂದ ನೇರವಾಗಿ ಹೊರಡುವ ನರಗಳು ಹನ್ನೆರಡು ಜೊತೆ. ಅವುಗಳಲ್ಲಿ ಐದನೆಯದು ತ್ರಿಶಾಖಾ ನರ. ಹೆಸರೇ ಹೇಳುವಂತೆ ಇದಕ್ಕೆ ಮೂರು ಕವಲುಗಳು. ಒಂದು ಹಣೆ ಮತ್ತು ಕಣ್ಣಿನ ಕಡೆಗೆ, ಒಂದು ಕೆನ್ನೆ ಮತ್ತು ಮೇಲ್ದವಡೆಗೆ, ಮತ್ತೊಂದು ಕೆಳದವಡೆಗೆ. ಮುಖದ ಸ್ಪರ್ಶ, ಬಿಸಿ, ತಂಪು, ನೋವು ಎಲ್ಲವನ್ನೂ ಮೆದುಳಿಗೆ ಮುಟ್ಟಿಸುವುದು ಇದೇ ನರ. ಹಲ್ಲುಗಳ ಸಂವೇದನೆಯೂ ಇದರ ಮೂಲಕವೇ ಹೋಗುತ್ತದೆ. ಆದ್ದರಿಂದಲೇ ನರದ ಬೇರಿನಲ್ಲಿ ಹುಟ್ಟಿದ ನೋವು ರೋಗಿಗೆ ಹಲ್ಲಿನ ನೋವಿನಂತೆ ಭಾಸವಾಗುತ್ತದೆ.

ಮೂರು ಕವಲುಗಳೂ ತಲೆಬುರುಡೆಯ ತಳದಲ್ಲಿ ಒಂದು ಗಂಟಿನಲ್ಲಿ ಕೂಡುತ್ತವೆ. ಇದನ್ನು ಗ್ಯಾಸೇರಿಯನ್ ನರಗ್ರಂಥಿ ಎನ್ನುತ್ತಾರೆ. ಅಲ್ಲಿಂದ ಒಂದೇ ಬೇರು ಹಿಂದಕ್ಕೆ ಸಾಗಿ ಮೆದುಳುಕಾಂಡವನ್ನು ಸೇರುತ್ತದೆ. ಈ ಗಂಟಿನ ನೆರೆಹೊರೆಯನ್ನು ನೆನಪಿನಲ್ಲಿಡಬೇಕು. ಮೆದುಳಿಗೆ ರಕ್ತ ಒಯ್ಯುವ ದೊಡ್ಡ ಕೆರೋಟಿಡ್ ಅಪಧಮನಿ ಪಕ್ಕದಲ್ಲೇ ಇದೆ. ಅಶುದ್ಧ ರಕ್ತ ತುಂಬಿದ ಕ್ಯಾವರ್ನಸ್ ಕುಹರ ಅದಕ್ಕೆ ಅಂಟಿಕೊಂಡಂತಿದೆ. ಮೆದುಳಿನ ಹೊದಿಕೆಗೆ ರಕ್ತ ಕೊಡುವ ಮಧ್ಯ ಮೆನಿಂಜಿಯಲ್ ಅಪಧಮನಿ ಒಂದು ಸಣ್ಣ ರಂಧ್ರದಿಂದ ಬುರುಡೆಯ ಒಳಕ್ಕೆ ಬರುವುದೂ ಅಲ್ಲೇ ಸಮೀಪದಲ್ಲಿ. ಮುಂದಿನ ಕಥೆಯೆಲ್ಲ ಈ ನೆರೆಹೊರೆಯದು.

ಹೆಸರು ಹುಡುಕಿದ ಕಾಲ

ನಮ್ಮ ದೇಶದ ಸುಶ್ರುತ ಸಂಹಿತೆಯಲ್ಲಿ ಹನ್ನೊಂದು ಬಗೆಯ ಶಿರೋರೋಗಗಳ ವಿವರಣೆಯಿದೆ. ಅವುಗಳಲ್ಲಿ 'ಅನಂತವಾತ' ಎಂಬುದು ಕಣ್ಣು, ಕೆನ್ನೆ, ದವಡೆಗಳನ್ನು ಕಾಡುವ ತೀವ್ರ ನೋವು. ಇದು ಮುಖದ ನರಶೂಲೆಗೆ ಹತ್ತಿರವಾದುದೆಂದು ಅನೇಕ ಆಯುರ್ವೇದ ವಿದ್ವಾಂಸರ ಮತ. ಅದಕ್ಕೆ ಹೇಳಿದ ಚಿಕಿತ್ಸೆಗಳಲ್ಲಿ ಸಿರಾವ್ಯಧವೂ, ಎಂದರೆ ಸಿರೆಯನ್ನು ಚುಚ್ಚಿ ರಕ್ತ ಹೊರಬಿಡುವುದೂ ಒಂದು.

ಯೂರೋಪಿನಲ್ಲಿ 1677ರಲ್ಲಿ, ತತ್ತ್ವಜ್ಞಾನಿಯೆಂದು ನಾವು ಅರಿತಿರುವ ಜಾನ್ ಲಾಕ್, ವೈದ್ಯನಾಗಿ ಪ್ಯಾರಿಸ್ಸಿನಲ್ಲಿ ಒಬ್ಬ ರೋಗಿಯನ್ನು ನೋಡಿದ. ಆಕೆ ಇಂಗ್ಲೆಂಡಿನ ರಾಯಭಾರಿಯ ಪತ್ನಿ, ನಾರ್ಥಂಬರ್ಲೆಂಡಿನ ಕೌಂಟೆಸ್. ಲಾಕ್ ಬರುವ ಮೊದಲೇ ಆಕೆಯ ಹಲ್ಲುಗಳನ್ನು ಕಿತ್ತಿದ್ದರು, ನೋವು ನಿಂತಿರಲಿಲ್ಲ. ಪ್ಯಾರಿಸ್ಸಿನ ಶ್ರೀಮಂತ ಮಹಿಳೆಗೂ ನಮ್ಮ ಹೊನ್ನೂರಿನ ರೈತನಿಗೂ ಈ ವಿಷಯದಲ್ಲಿ ವ್ಯತ್ಯಾಸವಿಲ್ಲ. 1756ರಲ್ಲಿ ಫ್ರಾನ್ಸಿನ ನಿಕೊಲಾ ಆಂಡ್ರೆ ಈ ಕಾಯಿಲೆಗೆ 'ಟಿಕ್ ಡುಲುರೂ' ಎಂದು ಹೆಸರಿಟ್ಟ. ನೋವಿನಿಂದ ಮುಖ ಸೆಳೆತುಕೊಳ್ಳುವುದು ಎಂದು ಅದರ ಅರ್ಥ. 1773ರಲ್ಲಿ ಲಂಡನ್ನಿನ ಜಾನ್ ಫಾದರ್‌ಗಿಲ್ ಇದರ ಲಕ್ಷಣಗಳನ್ನು ಸ್ಪಷ್ಟವಾಗಿ ವಿವರಿಸಿದ.

ಹೆಸರು ಸಿಕ್ಕಿತು, ಆದರೆ ಯಾವ ನರ ಎಂಬುದು ತಿಳಿದಿರಲಿಲ್ಲ. ಮುಖದ ಮಾಂಸಖಂಡಗಳನ್ನು ಆಡಿಸುವುದು ಏಳನೆಯ ನರ. ಸಂವೇದನೆಯನ್ನು ಒಯ್ಯುವುದು ಐದನೆಯದು. ಈ ಭೇದವನ್ನು ತೋರಿಸಿಕೊಟ್ಟವನು ಚಾರ್ಲ್ಸ್ ಬೆಲ್, 1821ರ ನಂತರದ ತನ್ನ ಬರಹಗಳಲ್ಲಿ. ಅದಕ್ಕೂ ಮೊದಲು ಕೆಲವು ಶಸ್ತ್ರವೈದ್ಯರು ನೋವಿಗಾಗಿ ಏಳನೆಯ ನರವನ್ನೇ ಕತ್ತರಿಸುತ್ತಿದ್ದರು. ಆಗ ರೋಗಿಯ ಮುಖ ಒಂದು ಕಡೆ ಸೊಟ್ಟಗಾಗುತ್ತಿತ್ತು. ನೋವು ಮಾತ್ರ ಹಾಗೆಯೇ ಇರುತ್ತಿತ್ತು.

ಅಡ್ಡ ನಿಂತ ಅಪಧಮನಿ

ಸರಿಯಾದ ನರ ತಿಳಿದ ಮೇಲೆ ವೈದ್ಯರು ಕೆನ್ನೆಯಲ್ಲಿ ಅದರ ಕವಲುಗಳನ್ನು ಕತ್ತರಿಸತೊಡಗಿದರು. ನೋವು ಹೋಗುತ್ತಿತ್ತು. ಆದರೆ ಕತ್ತರಿಸಿದ ಕವಲು ನಿಧಾನವಾಗಿ ಮತ್ತೆ ಬೆಳೆಯುತ್ತದೆ. ಅದರ ಜೊತೆಗೆ ನೋವೂ ಮರಳುತ್ತದೆ. ಹಾಗಾದರೆ ಗಂಟನ್ನೇ ಕಿತ್ತರೆ ಹೇಗೆ? 1890ರಲ್ಲಿ ಲಂಡನ್ನಿನ ವಿಲಿಯಂ ರೋಸ್ ಈ ಸಾಹಸಕ್ಕೆ ಕೈಹಾಕಿದ. 1892ರಲ್ಲಿ ನ್ಯೂಯಾರ್ಕಿನ ಫ್ರಾಂಕ್ ಹಾರ್ಟ್ಲಿ ಮತ್ತು ಜರ್ಮನಿಯ ಫೆಡೋರ್ ಕ್ರೌಸೆ, ಒಬ್ಬರನ್ನೊಬ್ಬರು ಅರಿಯದೆ, ಕಿವಿಯ ಮುಂದಿನ ಕಣತಲೆಯ ಮೂಳೆಯನ್ನು ತೆರೆದು ಗಂಟನ್ನು ತಲುಪುವ ಮಾರ್ಗವನ್ನು ಪ್ರಕಟಿಸಿದರು.

ದಾರಿ ಸಿಕ್ಕಿತು, ದಾರಿಯ ತುಂಬ ನೆತ್ತರು. ಮೆದುಳಿನ ಹೊದಿಕೆಯನ್ನು ಮೇಲೆತ್ತಿದ ಕೂಡಲೇ ಮಧ್ಯ ಮೆನಿಂಜಿಯಲ್ ಅಪಧಮನಿ ಹರಿಯುತ್ತಿತ್ತು. ಇನ್ನೂ ಮುಂದೆ ಹೋದರೆ ಕ್ಯಾವರ್ನಸ್ ಕುಹರದಿಂದ ರಕ್ತ ಒಸರುತ್ತಿತ್ತು. ಗಾಯದಲ್ಲಿ ಅರಳೆಬಟ್ಟೆ ತುಂಬಿ ಮುಚ್ಚಿ, ಕೆಲವು ದಿನಗಳ ನಂತರ ಮತ್ತೆ ತೆರೆದು ಕೆಲಸ ಮುಂದುವರಿಸಬೇಕಾದ ಸಂದರ್ಭಗಳೂ ಇದ್ದವು. ರಕ್ತ ಕೊಡುವ ವ್ಯವಸ್ಥೆ ಆಗ ಇರಲಿಲ್ಲ. ರೋಗಾಣುಗಳನ್ನು ಕೊಲ್ಲುವ ಔಷಧಗಳೂ ಇರಲಿಲ್ಲ. ಆ ಕಾಲದ ವರದಿಗಳನ್ನು ಒಟ್ಟುಗೂಡಿಸಿ ನೋಡಿದಾಗ ಸುಮಾರು ಐವರಲ್ಲಿ ಒಬ್ಬ ರೋಗಿ ಬದುಕುತ್ತಿರಲಿಲ್ಲ. ಹಾಗಿದ್ದರೂ ರೋಗಿಗಳು ಈ ಶಸ್ತ್ರಚಿಕಿತ್ಸೆಗೆ ಒಪ್ಪಿದರು. ಆ ನೋವು ಎಂಥದಿರಬೇಕೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಅಮೆರಿಕದ ಹಾರ್ವೆ ಕುಶಿಂಗ್ ಆಗ ಮೂವತ್ತರ ಆಜುಬಾಜಿನ ಯುವಕ. ಅವನು ಶವಗಳ ಮೇಲೆ ಅಭ್ಯಾಸ ಮಾಡಿ ಆ ಅಪಧಮನಿಯ ನೆಲೆಯನ್ನು ಪರೀಕ್ಷಿಸಿದ. ಅಪಧಮನಿ ಬುರುಡೆಯ ತಳದಿಂದ ಒಂದು ಕಮಾನಿನಂತೆ ಮೇಲೇರಿ ಪಕ್ಕದ ಮೂಳೆಯನ್ನು ಸೇರುತ್ತದೆ. ಕಮಾನನ್ನು ಒಡೆಯುವುದೇಕೆ, ಅದರ ಕೆಳಗಿನಿಂದ ನುಸುಳಿದರಾಯಿತಲ್ಲ ಎಂಬುದು ಅವನ ವಿಚಾರ. 1900ರಲ್ಲಿ ಅವನು ಈ ಮಾರ್ಗವನ್ನು ಪ್ರಕಟಿಸಿದ. ಮುಂದೆ ಆಧುನಿಕ ನರಶಸ್ತ್ರಚಿಕಿತ್ಸೆಯ ಜನಕರಲ್ಲಿ ಒಬ್ಬನೆನಿಸಿದ ಕುಶಿಂಗ್ ಹೆಸರು ಮಾಡಿದ್ದು ಮೊದಲಿಗೆ ಈ ಕಾಯಿಲೆಯಿಂದಲೇ.

1901ರಲ್ಲಿ ಇನ್ನೊಂದು ಹೆಜ್ಜೆ. ಫಿಲಡೆಲ್ಫಿಯದ ನರವೈದ್ಯ ಸ್ಪಿಲ್ಲರ್, ಗಂಟನ್ನು ಕೀಳುವ ಬದಲು ಅದರ ಹಿಂದಿನ ಬೇರನ್ನು ಮಾತ್ರ ಕತ್ತರಿಸಬಹುದೆಂದು ಸೂಚಿಸಿದ. ಶಸ್ತ್ರವೈದ್ಯ ಫ್ರೇಜಿಯರ್ ಅದನ್ನು ಮಾಡಿ ತೋರಿಸಿದ. ಗಂಟನ್ನು ಕ್ಯಾವರ್ನಸ್ ಕುಹರದಿಂದ ಬಿಡಿಸುವ ಪ್ರಮೇಯವೇ ಇಲ್ಲವಾದ್ದರಿಂದ ರಕ್ತಸ್ರಾವ ಕಡಿಮೆಯಾಯಿತು. ಬೇರು ಮತ್ತೆ ಬೆಳೆಯದ ಕಾರಣ ನೋವೂ ಸುಲಭವಾಗಿ ಮರಳಲಿಲ್ಲ. ಆದರೆ ಇದಕ್ಕೆ ತೆರಬೇಕಾದ ಬೆಲೆಯಿತ್ತು. ಮುಖದ ಅರ್ಧ ಭಾಗ ಮರಗಟ್ಟುತ್ತಿತ್ತು. ಕಣ್ಣಿನ ಸಂವೇದನೆ ಹೋದರೆ ಧೂಳು ಬಿದ್ದರೂ ತಿಳಿಯದೆ ಕಣ್ಣಿಗೆ ಹುಣ್ಣಾಗುವ ಭಯವಿತ್ತು.

ಕಾರಣವೇ ರಕ್ತನಾಳ

ಬಾಲ್ಟಿಮೋರಿನ ವಾಲ್ಟರ್ ಡ್ಯಾಂಡಿ 1925ರಿಂದ ಬೇರೆ ದಾರಿ ಹಿಡಿದ. ಕಿವಿಯ ಹಿಂಭಾಗದಿಂದ ಪ್ರವೇಶಿಸಿ, ಅನುಮಸ್ತಿಷ್ಕವನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, ನರದ ಬೇರು ಮೆದುಳುಕಾಂಡವನ್ನು ಸೇರುವ ಜಾಗವನ್ನೇ ಕಣ್ಣಾರೆ ಕಂಡ. ಅಲ್ಲಿ ಅವನಿಗೆ ಕಂಡದ್ದು ಅನಿರೀಕ್ಷಿತವಾದದ್ದು. ಅನೇಕ ರೋಗಿಗಳಲ್ಲಿ ಒಂದು ಅಪಧಮನಿ ನರದ ಮೇಲೆ ಒರಗಿ ಅದನ್ನು ಒತ್ತುತ್ತಿತ್ತು. 1934ರಲ್ಲಿ ಅವನು 215 ರೋಗಿಗಳ ವಿವರವನ್ನು ಪ್ರಕಟಿಸಿದ. ಅವರಲ್ಲಿ 66 ಮಂದಿಯಲ್ಲಿ ಅನುಮಸ್ತಿಷ್ಕದ ಮೇಲ್ಭಾಗಕ್ಕೆ ರಕ್ತ ಒಯ್ಯುವ ಅಪಧಮನಿ ನರಕ್ಕೆ ತಾಗಿಕೊಂಡಿತ್ತು. ನೋವಿನ ಮೂಲ ಇದೇ ಇರಬಹುದೆಂದು ಅವನು ಬರೆದ. ಬಹುಕಾಲ ಯಾರೂ ಅದಕ್ಕೆ ಹೆಚ್ಚಿನ ಬೆಲೆ ಕೊಡಲಿಲ್ಲ.

ಇದು ಹೇಗೆಂಬುದನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಪಂಪ್‌ಸೆಟ್ಟಿಗೆ ಎಳೆದ ವಿದ್ಯುತ್ ತಂತಿಗಳಿಗೆ ರಬ್ಬರಿನ ಹೊದಿಕೆ ಇರುತ್ತದೆ. ಗಾಳಿಗೆ ಆಡುವ ಮರದ ಕೊಂಬೆ ದಿನವೂ ಉಜ್ಜಿದರೆ ಹೊದಿಕೆ ಸವೆಯುತ್ತದೆ. ತಂತಿಗೆ ತಂತಿ ತಗುಲಿ ಕಿಡಿ ಹಾರುತ್ತದೆ. ನರದ ಎಳೆಗಳಿಗೂ ಮೈಲಿನ್ ಎಂಬ ಹೊದಿಕೆಯಿದೆ. ವಯಸ್ಸಾದಂತೆ ಅಪಧಮನಿಗಳು ಉದ್ದವಾಗಿ ಸೊಟ್ಟಾಗುತ್ತವೆ. ಅಂಥದೊಂದು ನರದ ಬೇರಿಗೆ ತಗುಲಿ, ನಾಡಿಯ ಪ್ರತಿ ಬಡಿತಕ್ಕೂ ಉಜ್ಜಿದರೆ ಹೊದಿಕೆ ಸವೆಯುತ್ತದೆ. ಆಗ ಮೃದುವಾದ ಸ್ಪರ್ಶವೂ ನೋವಿನ ಎಳೆಗೆ ಹಾರಿ ಮಿಂಚಾಗುತ್ತದೆ. ಎಲ್ಲ ರೋಗಿಗಳಲ್ಲೂ ಇದೇ ಕಾರಣವಲ್ಲ. ಕೆಲವರಲ್ಲಿ ಗೆಡ್ಡೆಯಿಂದ, ಕೆಲವರಲ್ಲಿ ಮೈಲಿನ್ನನ್ನೇ ಕೆಡಿಸುವ ಬೇರೆ ಕಾಯಿಲೆಯಿಂದಲೂ ಇದು ಬರಬಹುದು.

ಕಾರಣ ಒತ್ತಡವಾದರೆ ನರವನ್ನು ಕತ್ತರಿಸಬೇಕಾದ್ದೇನಿದೆ? 1959ರಲ್ಲಿ ಅಮೆರಿಕದ ಗಾರ್ಡನರ್ ಅಪಧಮನಿಗೂ ನರಕ್ಕೂ ನಡುವೆ ಮೆತ್ತೆಯಿಟ್ಟು ಬೇರ್ಪಡಿಸಿದ ವಿಷಯವನ್ನು ವರದಿ ಮಾಡಿದ. 1960ರ ದಶಕದಲ್ಲಿ ಶಸ್ತ್ರಚಿಕಿತ್ಸೆಯ ಸೂಕ್ಷ್ಮದರ್ಶಕ ಬಂದಿತು. ಅದರ ಸಹಾಯದಿಂದ ಪೀಟರ್ ಜನೆಟ್ಟ ಈ ಒತ್ತಡವನ್ನು ಸ್ಪಷ್ಟವಾಗಿ ಕಂಡು 1967ರಲ್ಲಿ ಪ್ರಕಟಿಸಿದ; ಮುಂದೆ ಪಿಟ್ಸ್‌ಬರ್ಗಿನಲ್ಲಿ ಈ ವಿಧಾನವನ್ನು ಬೆಳೆಸಿದ. ರಕ್ತನಾಳವನ್ನು ಎತ್ತಿ ಸರಿಸಿ, ನಡುವೆ ಟೆಫ್ಲಾನ್‌ನ ಸಣ್ಣ ಚೂರನ್ನು ಇಡುವುದು ಇದರ ಸಾರ. ನರ ಉಳಿಯುತ್ತದೆ, ಮುಖ ಸಾಮಾನ್ಯವಾಗಿ ಮರಗಟ್ಟುವುದಿಲ್ಲ.

ಸರಿಸಿದ ನಾಳದ ಸೇಡು

ಆದರೆ ರಕ್ತನಾಳವನ್ನು ಮುಟ್ಟುವುದೆಂದರೆ ಬೆಂಕಿಯನ್ನು ಮುಟ್ಟಿದಂತೆ. ಅಪಧಮನಿಯನ್ನು ಸರಿಸುವಾಗ ಅದು ಮುದುಡಿಕೊಳ್ಳಬಹುದು, ಇಲ್ಲವೆ ಮಡಚಿಕೊಳ್ಳಬಹುದು. ಆಗ ಅದು ರಕ್ತ ಕೊಡುವ ಅನುಮಸ್ತಿಷ್ಕ ಅಥವಾ ಮೆದುಳುಕಾಂಡದ ಭಾಗ ಸಾಯುತ್ತದೆ. ಒಳಕಿವಿಗೆ ಹೋಗುವ ಅಪಧಮನಿ ಕೂದಲೆಳೆಯಷ್ಟು ಸೂಕ್ಷ್ಮ. ಅದಕ್ಕೆ ಧಕ್ಕೆಯಾದರೆ ಆ ಕಡೆಯ ಕಿವಿ ಕೇಳಿಸುವುದಿಲ್ಲ. ಆದ್ದರಿಂದ ಶಸ್ತ್ರಚಿಕಿತ್ಸೆ ನಡೆಯುತ್ತಿರುವಾಗಲೇ ಶ್ರವಣ ನರದ ವಿದ್ಯುತ್ ಅಲೆಗಳನ್ನು ಗಮನಿಸುತ್ತಿರುವ ಕ್ರಮ ಬಂದಿದೆ.

ಇನ್ನೊಂದು ಅಪಾಯ ಅಭಿಧಮನಿಯದು. ನರದ ದಾರಿಗೆ ಅಡ್ಡವಾಗಿ ಪೆಟ್ರೋಸಲ್ ಅಭಿಧಮನಿ ಹಾದುಹೋಗುತ್ತದೆ. ಅದನ್ನು ವೈದ್ಯರು ಇಂದಿಗೂ 'ಡ್ಯಾಂಡಿಯ ಸಿರೆ' ಎನ್ನುತ್ತಾರೆ. ಅಡ್ಡವಿದೆಯೆಂದು ಅದನ್ನು ಸುಟ್ಟು ಕತ್ತರಿಸುವುದು ಬಹುಕಾಲ ಸಾಮಾನ್ಯವಾಗಿತ್ತು. ಹೆಚ್ಚಿನವರಲ್ಲಿ ರಕ್ತ ಬೇರೆ ದಾರಿ ಹುಡುಕಿಕೊಳ್ಳುತ್ತದೆ, ತೊಂದರೆಯಾಗುವುದಿಲ್ಲ. ಕೆಲವರಲ್ಲಿ ಮಾತ್ರ, ತೂಬು ಮುಚ್ಚಿದ ಗದ್ದೆಯಲ್ಲಿ ನೀರು ನಿಂತಂತೆ, ಅನುಮಸ್ತಿಷ್ಕದಲ್ಲಿ ರಕ್ತ ನಿಂತು ಊತವೂ ರಕ್ತಸ್ರಾವವೂ ಆಗುತ್ತದೆ. ಯಾರಲ್ಲಿ ಹೀಗಾಗುವುದೆಂದು ಮೊದಲೇ ಹೇಳುವುದು ಕಷ್ಟ. ಆದ್ದರಿಂದ ಸಾಧ್ಯವಾದಷ್ಟೂ ಆ ಸಿರೆಯನ್ನು ಉಳಿಸಿಕೊಳ್ಳಬೇಕೆಂಬ ಅಭಿಪ್ರಾಯ ಬಲವಾಗುತ್ತ ಬಂದಿದೆ.

ಕೆನ್ನೆಯ ಮೂಲಕ ಒಂದು ಸೂಜಿ

ತಲೆಬುರುಡೆಯನ್ನು ತೆರೆಯದೆ ಕೆಲಸ ಮುಗಿಸುವ ಇನ್ನೊಂದು ದಾರಿಯೂ ಇದೆ. ಬುರುಡೆಯ ತಳದಲ್ಲಿ ಫೊರಾಮೆನ್ ಓವೇಲ್ ಎಂಬ ಮೊಟ್ಟೆಯಾಕಾರದ ರಂಧ್ರವಿದೆ; ಕೆಳದವಡೆಯ ಕವಲು ಹೊರಬರುವುದು ಅದರ ಮೂಲಕ. 1910ರ ದಶಕದಲ್ಲಿ ಜರ್ಮನಿಯ ಹಾರ್ಟೆಲ್, ಬಾಯಿಯ ಅಂಚಿನ ಪಕ್ಕದಲ್ಲಿ ಕೆನ್ನೆಗೆ ಸೂಜಿ ಚುಚ್ಚಿ ಈ ರಂಧ್ರದಿಂದ ಗಂಟಿಗೆ ಆಲ್ಕೋಹಾಲ್ ಸೇರಿಸುವ ವಿಧಾನವನ್ನು ರೂಪಿಸಿದ. 1930ರ ದಶಕದಲ್ಲಿ ಕಿರ್ಷ್ನರ್ ಅದೇ ದಾರಿಯಿಂದ ವಿದ್ಯುತ್ತಿನ ಶಾಖ ಕೊಟ್ಟ. 1974ರಲ್ಲಿ ಸ್ವೀಟ್ ಮತ್ತು ವೆಪ್ಸಿಕ್ ಶಾಖವನ್ನು ಅಳತೆಯಲ್ಲಿಡುವ ಕ್ರಮವನ್ನು ತಂದರು. 1981ರಲ್ಲಿ ಗ್ಲಿಸರಾಲ್, 1983ರಲ್ಲಿ ಪುಟ್ಟ ಬಲೂನು, ಹೀಗೆ ಹೊಸ ಹೊಸ ಕ್ರಮಗಳು ಬಂದವು.

ಸೂಜಿಯ ದಾರಿ ಚಿಕ್ಕದು. ಆದರೆ ನೆರೆಹೊರೆ ಅದೇ. ತುದಿ ತುಸು ತಪ್ಪಿದರೆ ಕೆರೋಟಿಡ್ ಅಪಧಮನಿಗೆ ಚುಚ್ಚುತ್ತದೆ. ಅಪರೂಪಕ್ಕೆ ಆ ಅಪಧಮನಿಗೂ ಕ್ಯಾವರ್ನಸ್ ಕುಹರಕ್ಕೂ ನಡುವೆ ಕಿಂಡಿ ಬೀಳುತ್ತದೆ. ಆಗ ಕಣ್ಣು ಕೆಂಪಗೆ ಉಬ್ಬಿ, ತಲೆಯೊಳಗೆ ನಾಡಿಯ ಜೊತೆ ಸುಯ್‌ಗುಟ್ಟುವ ಸದ್ದು ಕೇಳಿಸುತ್ತದೆ. ಇಂಥ ಕಿಂಡಿಯನ್ನು ರಕ್ತನಾಳದ ಒಳಗಿನಿಂದಲೇ ಬಲೂನಿನಿಂದ ಮುಚ್ಚುವ ಕ್ರಮವನ್ನು ಮಾಸ್ಕೋದ ಸೆರ್ಬಿನೆಂಕೊ 1974ರಲ್ಲಿ ವಿವರಿಸಿದ. ಶಾಖ ಕೊಡುವ ಕ್ಷಣದಲ್ಲಿ ರಕ್ತದ ಒತ್ತಡ ಒಮ್ಮೆಗೇ ಏರಿ ಮೆದುಳಿನಲ್ಲಿ ರಕ್ತಸ್ರಾವವಾದ ಉದಾಹರಣೆಗಳೂ ಇವೆ. ಆದ್ದರಿಂದ ಸೂಜಿ ಹಿಡಿದ ವೈದ್ಯನಷ್ಟೇ ಮುಖ್ಯ, ಪಕ್ಕದಲ್ಲಿ ನಿಂತು ರಕ್ತದ ಒತ್ತಡವನ್ನು ನೋಡುವ ಅರಿವಳಿಕೆ ವೈದ್ಯ.

ಬೆಂಗಳೂರಿಗೆ ಬಂದ ದಾರಿ

ಈ ವಿದ್ಯೆ ನಮ್ಮ ಕಡೆಗೆ ಬಂದದ್ದು ಸ್ವಾತಂತ್ರ್ಯದ ನಂತರ. 1949ರಲ್ಲಿ ವೆಲ್ಲೂರಿನ ಕ್ರೈಸ್ತ ವೈದ್ಯಕೀಯ ಕಾಲೇಜಿನಲ್ಲಿ ಡಾ. ಜೇಕಬ್ ಚಾಂಡಿ, 1950ರಲ್ಲಿ ಮದ್ರಾಸಿನಲ್ಲಿ ಡಾ. ಬಿ. ರಾಮಮೂರ್ತಿ ನರಶಸ್ತ್ರಚಿಕಿತ್ಸೆಯನ್ನು ಆರಂಭಿಸಿದರು. ಆಗ ಕೊಳ್ಳೇಗಾಲ ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಪಕ್ಕದ ಯಳಂದೂರು, ದಿವಾನ್ ಪೂರ್ಣಯ್ಯನವರಿಗೆ 1807ರಲ್ಲಿ ಜಹಗೀರಾಗಿ ಸಂದ ಸೀಮೆ, ಮೈಸೂರಿನದು. ಕೆಲವೇ ಮೈಲಿಗಳ ಅಂತರದ ಎರಡು ಊರುಗಳವರು ಎರಡು ರಾಜ್ಯಗಳ ಪ್ರಜೆಗಳು. 1956ರ ನವೆಂಬರ್ 1ರಂದು ಕೊಳ್ಳೇಗಾಲ ಕನ್ನಡ ನಾಡಿಗೆ ಸೇರಿದಾಗ ಎರಡೂ ಊರಿನವರಿಗೆ ರಾಜಧಾನಿ ಒಂದೇ ಆಯಿತು.

ಆ ರಾಜಧಾನಿಯಲ್ಲಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸ್ಥಾಪನೆಯಾಗಿತ್ತು. ಅಲ್ಲಿ 1958ರಲ್ಲಿ ಡಾ. ಆರ್. ಎಂ. ವರ್ಮ ನರಶಸ್ತ್ರಚಿಕಿತ್ಸೆಯನ್ನು ಪ್ರಾರಂಭಿಸಿದರು. 1974ರಲ್ಲಿ ಆ ಸಂಸ್ಥೆ ಮತ್ತು ಪಕ್ಕದ ಮಾನಸಿಕ ಆಸ್ಪತ್ರೆ ಒಂದಾಗಿ ನಿಮ್ಹಾನ್ಸ್ ಆಯಿತು. ವರ್ಮ ಅವರ ಹೆಸರು ನಮ್ಮ ವಿಷಯಕ್ಕೆ ಒಂದು ವಿಶೇಷ ಕಾರಣದಿಂದ ಸೇರುತ್ತದೆ. ಪಾರ್ಕಿನ್ಸನ್ ಕಾಯಿಲೆಯ ನಡುಕಕ್ಕಾಗಿ ಆಗ ಬುರುಡೆಯ ಮೇಲ್ಭಾಗದಲ್ಲಿ ರಂಧ್ರ ಕೊರೆದು ಮೆದುಳಿನ ಆಳದ ಥಾಲಮಸ್ಸನ್ನು ತಲುಪುತ್ತಿದ್ದರು. ವರ್ಮ ಅವರು 1960ರ ದಶಕದಲ್ಲಿ ಹೊಸ ರಂಧ್ರ ಕೊರೆಯದೆ, ಪ್ರಕೃತಿಯೇ ಕೊಟ್ಟ ಫೊರಾಮೆನ್ ಓವೇಲ್ ಮೂಲಕ ಕೆನ್ನೆಯಿಂದ ಸೂಜಿಯನ್ನು ಮೇಲಕ್ಕೆ ಒಯ್ದರು. ಮುಖದ ನೋವಿಗಾಗಿ ಕಂಡುಕೊಂಡ ದಾರಿ ಬೆಂಗಳೂರಿನಲ್ಲಿ ಕೈನಡುಕದ ಚಿಕಿತ್ಸೆಗೆ ದಾರಿಯಾಯಿತು. ಅದು 'ವರ್ಮ ವಿಧಾನ' ಎಂದು ಹೆಸರಾಯಿತು. 1972ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ಸಂದಿತು.

ಲೆಕ್ಕ ಬರೆದಿಟ್ಟವರು

ಇಂದು ನಮ್ಮ ಹೊನ್ನೂರಿನ ರೈತನಿಗೆ ಮೊದಲು ಸಿಗಬೇಕಾದ್ದು ಶಸ್ತ್ರವಲ್ಲ, ಮಾತ್ರೆ. 1962ರಲ್ಲಿ ಸ್ವೀಡನ್ನಿನ ಬ್ಲೂಮ್ ಈ ನೋವಿಗೆ ಕಾರ್ಬಮಜೆಪಿನ್ ಉಪಯುಕ್ತವೆಂದು ತಿಳಿಸಿದಂದಿನಿಂದ ಅದೇ ಮೊದಲ ಚಿಕಿತ್ಸೆ. ಅನೇಕರಿಗೆ ಅಷ್ಟೇ ಸಾಕು. ಮಾತ್ರೆ ಸಾಲದಾದಾಗ, ಇಲ್ಲವೆ ಮೈಗೆ ಒಗ್ಗದಾಗ ಎಂ.ಆರ್.ಐ. ಚಿತ್ರದಲ್ಲಿ ನರವನ್ನೂ ನಾಳವನ್ನೂ ನೋಡಿ ಮುಂದಿನ ದಾರಿಯನ್ನು ನಿರ್ಧರಿಸುತ್ತಾರೆ.

ಆಗ ಅವನು ಕೇಳುವ ಪ್ರಶ್ನೆ ಒಂದೇ: ಅಪಾಯವಿದೆಯೆ? ಇದಕ್ಕೆ ಉತ್ತರ ಹೇಳಲು ಸಾಧ್ಯವಾದದ್ದು ಯಾರೋ ಲೆಕ್ಕ ಬರೆದಿಟ್ಟಿದ್ದರಿಂದ. 1996ರಲ್ಲಿ ಜನೆಟ್ಟ ಅವರ ತಂಡ, ಇಪ್ಪತ್ತು ವರ್ಷಗಳಲ್ಲಿ ರಕ್ತನಾಳ ಸರಿಸುವ ಶಸ್ತ್ರಚಿಕಿತ್ಸೆಗೊಳಗಾದ 1,185 ರೋಗಿಗಳ ಫಲಿತಾಂಶವನ್ನು ಪ್ರಕಟಿಸಿತು. ಹತ್ತು ವರ್ಷಗಳ ನಂತರ ಶೇಕಡ 70ರಷ್ಟು ಜನ ಔಷಧವಿಲ್ಲದೆ ನೋವಿನಿಂದ ಮುಕ್ತರಾಗಿದ್ದರು. ಇಬ್ಬರು ಮರಣ ಹೊಂದಿದ್ದರು. ಒಬ್ಬರಿಗೆ ಮೆದುಳುಕಾಂಡದಲ್ಲಿ ರಕ್ತ ನಿಂತು ಹಾನಿಯಾಗಿತ್ತು. ಹದಿನಾರು ಮಂದಿ ಒಂದು ಕಿವಿಯ ಶ್ರವಣವನ್ನು ಕಳೆದುಕೊಂಡಿದ್ದರು. ನೂರು ವರ್ಷಗಳ ಹಿಂದೆ ಐವರಲ್ಲಿ ಒಬ್ಬರು ಎಂದಿದ್ದ ಮರಣದ ಲೆಕ್ಕ ಸಾವಿರಕ್ಕೆ ಇಬ್ಬರ ಮಟ್ಟಕ್ಕೆ ಇಳಿದಿತ್ತು. ಇದು ಹೆಚ್ಚು ಅನುಭವವಿದ್ದ ಒಂದು ಕೇಂದ್ರದ ಲೆಕ್ಕ ಎಂಬುದನ್ನು ಮರೆಯಬಾರದು.

ವಿದ್ಯಾರ್ಥಿಗಳು ಈ ಇತಿಹಾಸದಿಂದ ಗ್ರಹಿಸಬೇಕಾದ ಅಂಶವೂ ಇದೇ. ಕ್ರೌಸೆಯ ಕಾಲದ ವೈದ್ಯರು ತಮ್ಮ ಕೈಯಲ್ಲಿ ಸತ್ತವರ ಸಂಖ್ಯೆಯನ್ನು ಮುಚ್ಚಿಟ್ಟಿದ್ದರೆ, ಕಮಾನಿನ ಕೆಳಗೆ ನುಸುಳಬೇಕೆಂದು ಕುಶಿಂಗ್‌ಗೆ ತೋಚುತ್ತಿರಲಿಲ್ಲ. ಸೂಜಿ ತಪ್ಪಿದ ಪ್ರಸಂಗಗಳನ್ನು ಬರೆಯದಿದ್ದರೆ ಆ ದಾರಿಯ ಅಪಾಯಗಳು ಮುಂದಿನ ವೈದ್ಯರಿಗೆ ತಿಳಿಯುತ್ತಿರಲಿಲ್ಲ. ಸಿರೆ ಕತ್ತರಿಸಿ ಹಾನಿಯಾದದ್ದನ್ನು ಒಪ್ಪಿಕೊಂಡವರಿಂದಲೇ ಇಂದು ಆ ಸಿರೆ ಉಳಿಯುತ್ತಿದೆ. ವಿಜಯಗಳ ಪಟ್ಟಿಯಿಂದ ಮಾತ್ರ ವಿಜ್ಞಾನ ಬೆಳೆಯುವುದಿಲ್ಲ. ಪ್ರಾಮಾಣಿಕವಾಗಿ ಬರೆದಿಟ್ಟ ಸೋಲಿನ ಲೆಕ್ಕದಿಂದಲೂ ಬೆಳೆಯುತ್ತದೆ.

ಆ ಲೆಕ್ಕದಲ್ಲಿ ರೋಗಿಗೂ ಪಾಲಿದೆ. ಹೊನ್ನೂರಿನಿಂದ ಬೆಂಗಳೂರಿಗೆ ಬಸ್ಸು ಹತ್ತುವ ರೈತನಿಗೆ ಲಾಭವನ್ನೂ ಅಪಾಯವನ್ನೂ ಅವನ ಭಾಷೆಯಲ್ಲೇ, ಅವನಿಗೆ ತಿಳಿಯುವಂತೆ ಹೇಳಬೇಕು. ಅದನ್ನು ಕೇಳಿ, ಮನೆಯವರೊಡನೆ ಯೋಚಿಸಿ, ಅವನು ಆಗಲಿ ಎನ್ನಬಹುದು, ಬೇಡ ಎನ್ನಬಹುದು. ಮುಂದೆ ವೈದ್ಯರಾಗುವ, ದಾದಿಯರಾಗುವ, ಇಲ್ಲವೆ ಕಾಯಿಲೆಯ ಹಿರಿಯರನ್ನು ಆಸ್ಪತ್ರೆಗೆ ಕರೆದೊಯ್ಯುವ ಮಕ್ಕಳಾಗುವ ನೀವು ಇದನ್ನು ನೆನಪಿಡಬೇಕು. ಅದಕ್ಕೂ ಮೊದಲು ಮಾಡಬಹುದಾದ ಸಣ್ಣ ಉಪಕಾರವೊಂದಿದೆ. ಮುಖಕ್ಕೆ ಟವೆಲು ಸುತ್ತಿಕೊಂಡು ಕುಳಿತ ಅಜ್ಜನೋ ಅಜ್ಜಿಯೋ ನಿಮ್ಮ ಮನೆಯಲ್ಲಿದ್ದರೆ, ಇನ್ನೊಂದು ಹಲ್ಲು ಕೀಳಿಸುವ ಮೊದಲು ಒಮ್ಮೆ ನರವೈದ್ಯರಿಗೆ ತೋರಿಸಿ.